ಕುಸರೆಳ್ಳು ತಗೊಂಡವರು

ಡಿಸೆಂಬರ್ 18, ಬೆಳಗ್ಗೆ, ಪುಣೆ, ಕ್ಯಾಬ್‌ನಲ್ಲಿ

ವಾಕಡ್ ಸೇತುವೆಯ ಹತ್ತಿರ ನಿಂತಿದ್ದೇವೆ. ಎಂದಿನಂತೆ. ಹಿಂಜವಾಡಿಯ ಆಫೀಸು ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುವುದಿಲ್ಲ. ಡ್ರೈವರ್ ಅಪ್ಪಾಸಾಹೇಬರು ಎಂಜಿನ್ ಬಂದ್ ಮಾಡಿ ಅಂಗೈಯಲ್ಲಿ ತಂಬಾಕು ತಿಕ್ಕುತ್ತಿದ್ದಾರೆ. ನನಗೆ ಬರೆಯಲು ಇದೇ ಪುರಸೊತ್ತು.

ಹತ್ತಕ್ಕೆ ಮೀಟಿಂಗ್. ಮತ್ತೆ ಅದೇ ರಾಗ — ಎದ್ದು ಹೋದವರನ್ನು ವಾಪಸ್ ಕರೆತರುವುದು ಹೇಗೆ. ದೀಪಾವಳಿಗೆ ಮುಂಚೆ ನಮ್ಮ ಆ್ಯಪ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೆಸರು 'ಓಸರಿ'. ಮರಾಠಿಯಲ್ಲಿ ಪಡಸಾಲೆ ಅಂತ. ಮನೆಮಂದಿಯ ಗುಂಪು, ಸೊಸೈಟಿಯ ಗುಂಪು, ಭಜನೆಯವರು, ಬೈಯುವವರು, ಎಲ್ಲರೂ ಇದ್ದರು. ಆಮೇಲೆ ಸುದ್ದಿ ಹೊರಬಿತ್ತು — ಮನೆಯವರು ತಮ್ಮತಮ್ಮಲ್ಲಿ ಕಳಿಸಿಕೊಂಡ ವಾಯ್ಸ್ ಮೆಸೇಜುಗಳನ್ನು ಕಂಪನಿ ಕದ್ದು ಕೇಳಿ ತನ್ನ ಮಷೀನಿಗೆ ಮಾತು ಕಲಿಸುತ್ತಿದೆ ಅಂತ. ಸುಳ್ಳೇನಲ್ಲ. ಜನ ಚಪ್ಪಲಿ ಮೆಟ್ಟಿದ ಕಾಲಿನ ಫೋಟೋ ಹಾಕಿ 'ಓಸರಿಯಿಂದ ಎದ್ದೆವು' ಅಂತ ಬರೆದು ಹೊರಟುಹೋದರು. ಊರಿಗೆ ಊರೇ ಎದ್ದಿತು.

ಎಲ್ಲಕ್ಕಿಂತ ಹೆಚ್ಚು ಓಡಿದ ಫೋಟೋ ಯಾರದು? ನನ್ನ ಒಡಹುಟ್ಟಿದ ತಂಗಿ ಮಂಜರಿಯದು. ಕೆಳಗೆ ಬರೆದಿದ್ದಳು: 'ನನ್ನ ಅಕ್ಕ ಅಲ್ಲೇ ಕೆಲಸಾ ಮಾಡ್ತಾಳ. ಅವ್ವನ ದನಿ ಮಾರಿ ಊಟಾ ಮಾಡ್ತಾಳ.'

ದೀಪಾವಳಿಯ ದಿನ ಖಡಕಿಯ ನಮ್ಮ ಮನೆಗೆ ಗಂಡ ಕೇದಾರನ ಜೊತೆ ಬಂದಿದ್ದಳು. ನಾನೂ ಬಿಡಲಿಲ್ಲ. 'ನಿನಗ ನೌಕರಿ ಸಿಗಲಿಲ್ಲ, ಅದಕ್ಕ ನನ್ನ ನೌಕರಿ ಮ್ಯಾಲ ಹೊಟ್ಟಿಕಿಚ್ಚು' ಅಂದೆ. ಬಡಿಸಿದ ತಾಟು ಬಿಟ್ಟು ಎದ್ದು ಕೋಥರೂಡಿನ ತನ್ನ ಮನೆಗೆ ಹೋದವಳು ಇಂದಿನವರೆಗೆ ನನ್ನ ಫೋನ್ ಎತ್ತಿಲ್ಲ. ಎತ್ತಲು ನಾನೂ ಮಾಡಿಲ್ಲ, ಅದು ಬೇರೆ ಮಾತು. ಅವ್ವ ಇಬ್ಬರ ಜೊತೆಗೂ ಮಾತಾಡುತ್ತಾಳೆ. ಒಬ್ಬಳ ಸುದ್ದಿ ಇನ್ನೊಬ್ಬಳಿಗೆ ಮುಟ್ಟಿಸುವುದಿಲ್ಲ. 'ನಾ ಏನ್ ಟಪ್ಪಾಲಿನವಳೇನ?' ಅಂತಾಳೆ.

ನೆನಪಾಗುತ್ತಾಳೆ. ಸಿಟ್ಟೂ ಬರುತ್ತದೆ. ಎರಡೂ ಒಟ್ಟಿಗೇ.

ಗಾಡಿ ಹೊರಟಿತು.

ಡಿಸೆಂಬರ್ 23

ಇವತ್ತು ಮೀಟಿಂಗಿನಲ್ಲಿ ನಾನು ಬಾಯಿಬಿಟ್ಟೆ. ಬಿಡಬಾರದಿತ್ತೋ ಏನೋ, ಆದರೆ ಬಿಟ್ಟಾಗ ಖುಷಿಯಾಯಿತು.

ಬಾಸ್ ಪೃಥ್ವಿರಾಜ್ ಅವರದು ಉಡುಪಿ ಕಡೆಯ ಮನೆತನ, ತಂದೆಯದು ಇಲ್ಲಿಯ ಡೆಕ್ಕನ್‌ನಲ್ಲಿ ಹೋಟೆಲು. ಮೆತ್ತಗೆ ಮಾತಾಡುತ್ತಾರೆ. "ಕ್ಷಮೆ ಕೇಳಿ ಆಯ್ತು, ಜಾಹೀರಾತು ಕೊಟ್ಟೂ ಆಯ್ತು ಮಾರಾಯ್ರೆ," ಅಂದರು. "ಆ್ಯಪ್ ಬೇಕು ಅಂತ ಯಾರೂ ವಾಪಸ್ ಬರುದಿಲ್ಲ. ಜನ ಬೇಕು ಅಂತ ಬರ್ತಾರೆ. ಒಬ್ಬರನ್ನ ಒಬ್ಬರು ಕರೀಬೇಕು. ಹೇಗೆ?"

ಎಲ್ಲರೂ ಲ್ಯಾಪ್‌ಟಾಪ್ ನೋಡುತ್ತ ಕೂತರು. ನಾನು ಹೇಳಿದೆ — ಸಂಕ್ರಾಂತಿ ಬರುತ್ತಿದೆಯಲ್ಲ. ನಮ್ಮ ಧಾರವಾಡ ಕಡೆ, ಇಲ್ಲಿ ಪುಣೆಯಲ್ಲೂ, ಆ ದಿನ ವರ್ಷದ ಜಗಳವೆಲ್ಲ ಬಿಡಬೇಕು. ಮಾತು ಬಿಟ್ಟವರ ಮನೆಗೂ ಹೋಗಿ ಕುಸರೆಳ್ಳು, ಅಂದರೆ ಸಕ್ಕರೆ ಪಾಕ ಕಟ್ಟಿದ ಎಳ್ಳು, ಕೊಡಬೇಕು. 'ಕುಸರೆಳ್ಳು ತಗೊಂಡು ಒಳ್ಳೊಳ್ಳೆ ಮಾತಾಡೂಣು' ಅನ್ನಬೇಕು. ನಮ್ಮ ಅವ್ವ ಮತ್ತು ಎದುರುಮನೆ ವಸಂತಿ ಮಾವಶಿ ಬಟ್ಟೆ ಒಣಹಾಕುವ ತಂತಿಗಾಗಿ ವರ್ಷವಿಡೀ ಕಚ್ಚಾಡುತ್ತಾರೆ. ಸಂಕ್ರಾಂತಿಯ ಸಂಜೆ ಇಬ್ಬರೂ ಜರಿಸೀರೆ ಉಟ್ಟು ಬಾಗಿಲಲ್ಲಿ ನಿಂತಿರುತ್ತಾರೆ. ಕೊಟ್ಟ ಕುಸರೆಳ್ಳನ್ನು ಒಲ್ಲೆ ಅನ್ನುವ ಹಾಗಿಲ್ಲ. ತಗೊಂಡ ಮೇಲೆ ಬೈಯುವ ಹಾಗಿಲ್ಲ.

"ಬೈಯುವ ಹಾಗಿಲ್ಲ," ಅಂತ ಪೃಥ್ವಿರಾಜ್ ಇನ್ನೊಮ್ಮೆ ಅಂದರು. ಬಹಳ ಹೊತ್ತು ನನ್ನನ್ನೇ ನೋಡಿದರು.

ಜನವರಿ 6

ಕುಸರೆಳ್ಳಿನ ಸ್ಕ್ರೀನ್ ತಯಾರಾಯಿತು. ಚೆಂದ ಬಂದಿದೆ. ಬಿಳಿ ಮುಳ್ಳುಮುಳ್ಳು ಕಾಳು, ಕೆಳಗೆ ಒಂದೇ ಬಟನ್ — 'ತಗೊಂಡೆ'.

ಡಿಸೈನ್ ಮಾಡಿದ ತೃಪ್ತಿ ಮಂಗಳೂರಿನವಳು. "ಬೇಡ ಅನ್ಲಿಕ್ಕೆ ಒಂದು ಬಟನ್ ಬೇಡ್ವಾ ನೀಲಿಮಾ?" ಅಂದಳು. ನಕ್ಕುಬಿಟ್ಟೆ. ಕುಸರೆಳ್ಳು ಬೇಡ ಅನ್ನುವವರು ಯಾರಮ್ಮ! ಬಟನ್ನಿನ ಕೆಳಗೆ ಲೀಗಲ್‌ನವರು ಸಣ್ಣಕ್ಷರದಲ್ಲಿ ಏನೋ ಸೇರಿಸಿದ್ದಾರೆ, ಇರುವೆ ಸಾಲಿನ ಹಾಗೆ. ಅದನ್ನು ಯಾರು ಓದುತ್ತಾರೆ. ನಾನೂ ಓದಲಿಲ್ಲ.

ಜನವರಿ 14, ಸಂಕ್ರಾಂತಿ

ಬಂತು. ಬೆಳಗ್ಗೆ ಎಳ್ಳು ಹಚ್ಚಿಕೊಂಡು ಸ್ನಾನ ಮಾಡಿ ಬಂದು ನೋಡುತ್ತೇನೆ — 'ಮಂಜರಿ ನಿಮಗೆ ಕುಸರೆಳ್ಳು ಕಳಿಸಿದ್ದಾರೆ.'

ಸೋತಳು! ಮೊದಲು ಅನ್ನಿಸಿದ್ದು ಅದೇ. ನನ್ನ ಬುದ್ಧಿ ಹಾಗೆ. ಆಮೇಲೆ ಒದ್ದೆ ಕೂದಲಲ್ಲೇ ಮಂಚದ ಮೇಲೆ ಕೂತು ಅತ್ತೆ.

'ತಗೊಂಡೆ' ಒತ್ತಿದೆ. 'ಹೆಂಗಿದ್ದೀ?' ಅಂತ ಬರೆದೆ. ಕೂಡಲೇ ಉತ್ತರ: 'ನಿನ್ನ ಬಿಟ್ಟು ಹೆಂಗಿರಲಿ ಅಕ್ಕಾ.'

ಅವ್ವನಿಗೆ ಹೇಳಿದೆ. "ಗೊತ್ತದ. ಅಕಿನೂ ಈಗ ಫೋನ್ ಮಾಡಿದ್ಲು. ಭಾಳ ಖುಷಿ ಆಗ್ಯಾಳ," ಅಂದಳು. ಮುಂದೆ ಕೇಳಿದರೆ ಬಾಯಿ ಬಿಡಲಿಲ್ಲ. ಸಜ್ಜೆರೊಟ್ಟಿಗೆ ಬೆಣ್ಣೆ ಮಾತ್ರ ಎರಡು ಪಟ್ಟು ಹಾಕಿದಳು.

ಜನವರಿ 21

ದಿನವೂ ಮಾತು. ಕ್ಯಾಬ್‌ನಲ್ಲಿ, ಕ್ಯಾಂಟೀನಿನಲ್ಲಿ. ಮಂಜರಿ ಇಷ್ಟು ಮೆತ್ತಗಾಗುತ್ತಾಳೆ ಅಂದುಕೊಂಡಿರಲಿಲ್ಲ. ನಿನ್ನೆ ತಡೆಯಲಾಗದೆ ಬರೆದೆ — 'ಏನೇ ಆದ್ರೂ ಹಬ್ಬದ ದಿನ ತಾಟು ಬಿಟ್ಟು ಏಳಬಾರದಿತ್ತು ನೀ.' ಕಳಿಸಿದ ಮೇಲೆ ಕೆಟ್ಟಿತು ಇನ್ನು ಅಂದುಕೊಂಡೆ. ಉತ್ತರ ನೋಡಿದರೆ — 'ಆ ಪೋಸ್ಟ್ ನಾ ಹಾಕಬಾರದಿತ್ತು ಅಕ್ಕಾ. ನಿನ್ನ ಕೆಲಸಾ ನಿನ್ನ ಅನ್ನ. ತಪ್ಪು ನಂದು.'

ತಪ್ಪು ನಂದು! ಮಂಜರಿಯ ಬಾಯಲ್ಲಿ! ಚಿಕ್ಕವಳಿದ್ದಾಗ ಹಾಲಿನ ಪಾತ್ರೆ ಒದ್ದು ಚೆಲ್ಲಿ, ಪಾತ್ರೆ ಅಲ್ಲಿ ಯಾಕಿತ್ತು ಅಂತ ಕೇಳಿದವಳು ಅವಳು.

ಮಾಘ ಹುಣ್ಣಿಮೆಗೆ ಜೇಜುರಿಯ ಖಂಡೋಬಾ ಗುಡಿಯಲ್ಲಿ ಸೇರೋಣ ಎಂದಾಗಿದೆ. ಅವ್ವನ ಹರಕೆಯೂ ಇದೆ.

ಆಫೀಸಿನ ಗೋಡೆಯ ಗ್ರಾಫು ಏರುತ್ತಲೇ ಇದೆ. ಹೋದವರು ಬರುತ್ತಿದ್ದಾರೆ.

ಜನವರಿ 27

ಒಂದು ವಿಚಿತ್ರ. ವಸಂತಿ ಮಾವಶಿ ಸೊಸೈಟಿಯ ಗುಂಪಿನಲ್ಲಿ ಅವ್ವನಿಗೆ ದಿನಾ ಬರೆಯುತ್ತಾರೆ — ತಂತಿ ನಿಮ್ಮದೇ, ಮೊದಲು ನೀವೇ ಬಟ್ಟೆ ಹಾಕಿ, ನೀವು ನನಗೆ ಅಕ್ಕ ಇದ್ದ ಹಾಗೆ. ಇವತ್ತು ಮೆಟ್ಟಿಲಲ್ಲಿ ಎದುರಾದರು. ಅವ್ವನನ್ನು ನೋಡಿ ಮುಖ ತಿರುವಿಕೊಂಡು, ದಡ್ ಅಂತ ಬಾಗಿಲು ಹಾಕಿಕೊಂಡರು.

ಮರಾಠಿ ಟೀಮಿನ ಮಂದಾರ ಮಧ್ಯಾಹ್ನ ನನ್ನ ಟೇಬಲಿಗೆ ಬಂದ. ದೂರು ನೋಡುವುದು ಅವನ ಕೆಲಸ. ಸಂಕ್ರಾಂತಿಯಿಂದ ಒಂದೂ ದೂರಿಲ್ಲವಂತೆ. ಒಂದೂ ಬೈಗುಳವಿಲ್ಲ. ಒಂದು ಕೊಂಕೂ ಇಲ್ಲ. ಮನೆ ಗೇಟಿಗೆ ಬೈಗುಳದ ಬೋರ್ಡು ತೂಗಿಹಾಕುವ ಊರು ಇದು. ಪುಣೆಯವರು ಬೈಯುವುದನ್ನು ಬಿಟ್ಟರೆ ಏನೋ ಆಗಿದೆ ಅಂತಲೇ. ಅವನು ನಗಲಿಲ್ಲ. ನನಗೂ ನಗು ಬರಲಿಲ್ಲ.

ಫೆಬ್ರವರಿ 1, ಸಂಜೆ, ಜೇಜುರಿಯಿಂದ ಬರುವ ಎಸ್.ಟಿ. ಬಸ್ಸಿನಲ್ಲಿ

ಕೈಯೆಲ್ಲ ಭಂಡಾರದ ಅರಿಷಿಣ. ಪುಟಕ್ಕೂ ಹತ್ತುತ್ತಿದೆ. ಇರಲಿ.

ಮೆಟ್ಟಿಲ ಬುಡದಲ್ಲಿ ಮಂಜರಿ ಓಡಿ ಬಂದು ತಬ್ಬಿಕೊಂಡಳು. ಅವಳ ಮೈಯ ಅದೇ ವಾಸನೆ. ಇಬ್ಬರೂ ಅತ್ತೆವು. ಅವ್ವ ಕಣ್ಣೊರೆಸಿಕೊಂಡು ಖಂಡೋಬಾನಿಗೆ ಅಲ್ಲಿಂದಲೇ ಕೈಮುಗಿದಳು. ಮೊಣಕಾಲು ನೋವು, ಅರ್ಧ ಹತ್ತಿ ಕೇದಾರನ ಜೊತೆ ಕೂತಳು. ನಾವಿಬ್ಬರೂ ಮೇಲೆ ಹೋದೆವು. ದರ್ಶನ ಮುಗಿಸಿ ದೀಪಮಾಲೆಯ ಕಟ್ಟೆಯ ಮೇಲೆ ಕೂತೆವು. ಸುತ್ತಲೂ ಯಳಕೋಟ, ಯಳಕೋಟ ಅನ್ನುವ ಕೂಗು, ಹಳದಿ ಧೂಳು. ಅಷ್ಟು ಸುಖವಾಗಿತ್ತು.

"ಯಾವಾಗ ಬಿಡ್ತಿ ಅಕ್ಕಾ?" ಅಂದಳು.

"ಏನು?"

"ನೌಕರಿ. ಮಾರ್ಚ್‌ನ್ಯಾಗ ಬಿಡ್ತೀನಿ ಅಂತ ಬರದಿದ್ದಿ ಅಲ್ಲಾ."

ನಾನು ಬರೆದಿರಲಿಲ್ಲ. ಹಾಗಂದೆ. ಅವಳು ಫೋನ್ ತೆಗೆದು ತೋರಿಸಿದಳು. ನನ್ನ ಹೆಸರು, ನನ್ನ ಫೋಟೋ. ಕೆಳಗೆ: 'ಮಂಜೂ, ನಿನಗ ಹೊಟ್ಟಿಕಿಚ್ಚು ಅಂದೆ ನೋಡು, ನನ್ನ ನಾಲಿಗಿ ಸೀಳಬೇಕು. ಈ ನೌಕರಿನ ಬ್ಯಾಡ ನನಗ, ಮಾರ್ಚ್‌ನ್ಯಾಗ ಬಿಡ್ತೀನಿ.' ನಾನು ತಾಟಿನ ಮಾತು ಬರೆದ ದಿನ, ಅದೇ ಹೊತ್ತಿಗೆ, ಅವಳಿಗೆ ಮುಟ್ಟಿದ್ದು ಇದು.

ನನ್ನ ಫೋನ್ ತೆಗೆದೆ. ಅವಳು ಓದಿದಳು. ಮುಖದ ಮೇಲಿನ ಅರಿಷಿಣದ ಕೆಳಗೆ ಬಣ್ಣ ಇಳಿಯಿತು.

"ತಪ್ಪು ನಂದು ಅಂತ ನಾ ಬರದಿಲ್ಲ. ಪೋಸ್ಟ್ ತಗಿಯಂಗಿಲ್ಲ, ಅದನ್ನ ಬಿಟ್ಟು ಬ್ಯಾರೆ ಮಾತಾಡೂಣು ಅಂತ ಬರದಿದ್ದೆ."

"ಮತ್ತ ಕುಸರೆಳ್ಳು? ಮೊದಲ ನೀ ಕಳಿಸಿದ್ದಿ."

"ನಾ ಎಲ್ಲಿ ಕಳಿಸ್ಲಿ? ನಾ ಓಸರಿಯೊಳಗ ಇರಲೇ ಇಲ್ಲ. ನೀ ಕಳಿಸಿದಿ ಅಂತ ಸಾದಾ ಮೆಸೇಜ್ ಬಂತು, ಅದಕ್ಕ ಒಳಗ ಬಂದೆ."

ಮೊದಲು ಕಳಿಸಿದವರು ಯಾರೂ ಇಲ್ಲ. ಇಬ್ಬರೂ ತಗೊಂಡಿದ್ದೇವೆ, ಅಷ್ಟೇ.

ಮಂಜರಿ ನನ್ನೆದುರೇ ಆ್ಯಪ್ ತೆಗೆದುಹಾಕಿದಳು. ಆಮೇಲೆ ನನ್ನ ಕೈ ಹಿಡಿದಳು. ಗಟ್ಟಿಯಾಗಿ. "ಹೋಗ್ಲಿ ಬಿಡು ಅಕ್ಕಾ. ಈಗ ನಿನ್ನ ಬಾಯಿಲೆ ಒಮ್ಮೆ ಅನ್ನು. ಇಲ್ಲೆ. ದೇವರ ಮುಂದ."

"ನೀ ಮೊದಲ ಅನ್ನು," ಅಂದೆ.

ಯಾಕೆ ಅಂದೆನೋ. 'ತಪ್ಪು ನಂದು' ಅನ್ನುವ ಎರಡು ಶಬ್ದ ಬಾಯಿಂದ ಬೀಳಲಿಲ್ಲ. ಅವಳು ಕಾದಳು. ಜನ ಭಂಡಾರ ಎರಚುತ್ತಲೇ ಇದ್ದರು. ಕೊನೆಗೆ ಕೈ ಬಿಟ್ಟು, ಸೆರಗು ಝಾಡಿಸಿಕೊಂಡು ಇಳಿದುಹೋದಳು. ಅವ್ವನನ್ನು ಕೇದಾರ ಕಾರಿನಲ್ಲಿ ಕರೆದುಕೊಂಡು ಹೋದ. ನನಗೆ ಈ ಬಸ್ಸು.

ಸಾಸವಡ ದಾಟಿದೆವು. ಈಗಷ್ಟೇ ಫೋನ್ ಗುಣುಗುಣಿಸಿತು. ಓಸರಿ. ಮಂಜರಿ.

'ಇವತ್ತ ಭಾಳ ಛಲೋ ಆತು ಅಕ್ಕಾ. ಎಷ್ಟ ದಿನಕ್ಕ ಮನಸಾರೆ ಮಾತಾಡಿದ್ವಿ.'

ಫೆಬ್ರವರಿ 2

ಪೃಥ್ವಿರಾಜ್ ಬಾಗಿಲು ಹಾಕಿಕೊಂಡು ಕೂರಿಸಿದರು. ನೀರು ಕೊಟ್ಟರು. ಮುಚ್ಚಿಡಲಿಲ್ಲ, ಅದೇ ಹೆಚ್ಚು ಹೆದರಿಕೆ ತಂದಿತು.

"ಕುಸರೆಳ್ಳು ತಗೊಂಡವರು ಒಳ್ಳೆ ಮಾತಾಡಬೇಕು ಅಂತ ನೀವೇ ಹೇಳಿದ್ದಲ್ವಾ? ತಗೊಂಡವರ ಮಾತನ್ನ ನಾವು ಒಳ್ಳೇದು ಮಾಡಿ ಮುಟ್ಟಿಸ್ತೇವೆ. ಬಟನ್ ಕೆಳಗೆ ಬರೆದೂ ಇದೆ. ಬೇಡ ಅನ್ನುವ ಬಟನ್ ಬೇಡ ಅಂದದ್ದೂ ನೀವೇ."

"ಜನ ಬರೆಯದೇ ಇದ್ದದ್ದೂ ಹೋಗ್ತಿದೆ ಸರ್."

"ಸುಮ್ಮನಿದ್ರೆ ಮತ್ತೆ ಹಳೇ ಸಿಟ್ಟು ನೆನಪಾಗ್ತದೆ. ಅದಕ್ಕೆ ಮಾತು ನಿಲ್ಲಲಿಕ್ಕೆ ಬಿಡುದಿಲ್ಲ."

"ಇದಕ್ಕೆ ಓಸರಿ ಚೇತರಿಸಿಕೊಂಡಿತು ಅಂತೀರಾ? ಜನ ಎಲ್ಲಿ ಬಂದರು?"

"ಮಾತು ಬಂತಲ್ಲ ನೀಲಿಮಾ. ಮಾತು ಬಂದಲ್ಲಿಗೆ ಜನ ಬರ್ತಾರೆ. ನೀವು ನೋಡ್ತಾ ಇರಿ."

ಫೆಬ್ರವರಿ 3

ತೃಪ್ತಿ ನಂಬಲಿಲ್ಲ. ಕ್ಯಾಂಟೀನಿನಲ್ಲಿ ಎದುರುಬದುರು ಕೂತೆವು. ಅವಳಿಗೆ ಬರೆದೆ — 'ನೀನು ತಂದ ಚಹಾ ದನದ ಕಲಗಚ್ಚಿನಂತಿದೆ.' ಅವಳ ಫೋನಿನಲ್ಲಿ ಬಂತು — 'ನಿನ್ನ ಜೊತೆ ಕುಡಿದ ಚಹಾದ ರುಚಿಯೇ ಬೇರೆ ತೃಪ್ತಿ.' ಅವಳು ನಗುತ್ತ ನನಗೆ ಶುದ್ಧ ಮಂಗಳೂರು ಬೈಗುಳ ಬರೆದಳು. ನನಗೆ ಬಂದದ್ದು ಹೂವಿನ ಚಿತ್ರ.

ಆಮೇಲೆ ಎರಡೂ ಫೋನ್ ಮೇಜಿನ ಮೇಲಿಟ್ಟು ಕೈಕಟ್ಟಿ ಕೂತೆವು. ಸ್ವಲ್ಪ ಹೊತ್ತು ಏನಿಲ್ಲ. ಮತ್ತೆ ಅವಳದು ಮಿನುಗಿತು. ನಂತರ ನನ್ನದು. ಮತ್ತೆ ಅವಳದು. ನಾವಿಬ್ಬರೂ ಬಾಯಿ ಮುಚ್ಚಿ ಕೂತಿದ್ದೆವು, ನಮ್ಮ ಹರಟೆ ಮುಂದುವರಿದಿತ್ತು. ಕೊನೆಗೆ ತೃಪ್ತಿ ತನ್ನ ಫೋನನ್ನು ಮಗುಚಿಟ್ಟಳು.

ಫೆಬ್ರವರಿ 5

ಆ್ಯಪ್ ತೆಗೆದುಹಾಕಿದೆ. ಖಾತೆ ಅಳಿಸಲು ಹೋದರೆ 'ನಿಮ್ಮವರು ಬೇಜಾರಾಗುತ್ತಾರೆ' ಅಂತ ಬರುತ್ತದೆ, ಮುಂದೆ ಹೋಗುವುದಿಲ್ಲ. ಮಂಜರಿಗೆ ಸಾದಾ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ.

ರಾಜೀನಾಮೆ ಕೊಟ್ಟೆ. ಕೊಟ್ಟ ಮೇಲೆ ಹೊಳೆಯಿತು — ನಾನು ಆಡದ ಮಾತನ್ನು ನಾನೇ ನಡೆಸಿಕೊಟ್ಟಂತಾಯಿತು.

ಫೆಬ್ರವರಿ 17

ಬರೆಯಲು ಮನಸ್ಸೇ ಆಗಿರಲಿಲ್ಲ. ಆಫೀಸಿನಲ್ಲಿ ಕೇಕು ಕತ್ತರಿಸಿದರಂತೆ. ಗ್ರಾಫು ದೀಪಾವಳಿಗೂ ಮೇಲೆ ಹೋಯಿತಂತೆ. ತೃಪ್ತಿ ಹೇಳಿದಳು. ಅವಳೂ ಬೇರೆ ಕೆಲಸ ಹುಡುಕುತ್ತಿದ್ದಾಳೆ.

ಬೆಳಗ್ಗೆ ಅವ್ವ ಮೆಂತ್ಯ ಸೋಸುತ್ತ ಅಂದಳು, "ಈಗ ನನ್ನ ಜೀವಕ್ಕ ಸಮಾಧಾನ ಆತವಾ. ಇಬ್ರೂ ದಿನಾ ಮಾತಾಡ್ಲಿಕತ್ತೀರಿ."

"ಯಾರಂದ್ರು?"

"ಮಂಜರಿ. ನಿನ್ನಿ ತಾಸುಗಟ್ಲೆ ಮಾತಾಡಿದಿ ಅಂತಲ್ಲಾ. ಜೇಜುರಿದು ನೆನಿಸಿ ಅತ್ತಿದ್ದಿ ಅಂತ."

ನಾನು ನಿನ್ನೆ ಯಾರ ಜೊತೆಗೂ ಮಾತಾಡಿಲ್ಲ. ಹಗಲೆಲ್ಲ ಹಾಸಿಗೆಯಲ್ಲಿದ್ದೆ, ಜ್ವರ. ಅವ್ವನೇ ಗಂಜಿ ಕೊಟ್ಟಿದ್ದಳು. ಅದನ್ನೇ ಹೇಳಿದೆ. ಅವ್ವ ನನ್ನ ಹಣೆ ಮುಟ್ಟಿ ನೋಡಿದಳು. "ಜ್ವರದಾಗ ಮಾತಾಡಿದ್ದು ನೆನಪಿರಂಗಿಲ್ಲ," ಅಂದಳು. ಆದರೆ ನನ್ನ ಕಣ್ಣು ನೋಡಲಿಲ್ಲ. ಬೇಗಬೇಗ ಮೆಂತ್ಯ ಸೋಸಿದಳು.

ನನಗೆ ತಂಗಿ ಬೇಕು. ಸೋತರೆ ಸೋತೆ. ಹೋಗಿ ನನ್ನ ಬಾಯಿಂದಲೇ ಹೇಳುತ್ತೇನೆ.

ಫೆಬ್ರವರಿ 22, ಭಾನುವಾರ, ಕೋಥರೂಡ್

ಮಂಜರಿಯ ಬಿಲ್ಡಿಂಗಿನ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಕೈಗೆ ಏನಾದರೂ ಕೆಲಸ ಬೇಕು. ಎದುರಿಗೆ ಅವಳ ಮನೆಯ ಬಾಗಿಲು, ಅರ್ಧ ತೆರೆದಿದೆ. ಯಾರದೋ ಮನೆಯಲ್ಲಿ ಬಟಾಟೆ ವಡೆ ಕರಿಯುತ್ತಿದ್ದಾರೆ.

ಕೇದಾರ ಬಾಗಿಲು ತೆಗೆದ. ನನ್ನನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದ. "ಅಕ್ಕಾರ... ನೀವು ಇಲ್ಲಿ..."

"ಮಂಜರಿ ಇದ್ದಾಳಿಲ್ಲೋ?"

"ಇದ್ದಾಳ್ರಿ. ಮಾತಾಡ್ಲಿಕತ್ತಾಳ." ದನಿ ತಗ್ಗಿಸಿದ. "ಜೇಜುರಿಯಿಂದ ಬಂದು ಎರಡ ದಿನ ಊಟಾ ಮಾಡ್ಲಿಲ್ರಿ. ಆಮ್ಯಾಲ ಮತ್ತ ಓಸರಿ ಹಾಕ್ಕೊಂಡ್ಲು. ನಾ ಬ್ಯಾಡ ಅಂದೆ. ಈಗ ಅದರಾಗ ಫೋನ್ ಕಾಲೂ ಬರ್ತಾವ."

ಒಳಗಿನಿಂದ ನಗು ಕೇಳಿತು. ಎರಡು ನಗು. ಒಂದು ಮಂಜರಿಯದು. ಇನ್ನೊಂದನ್ನು ಗುರುತಿಸಲು ಸ್ವಲ್ಪ ಹೊತ್ತು ಹಿಡಿಯಿತು. ತನ್ನ ದನಿಯನ್ನು ಹೊರಗಿನಿಂದ ಯಾರು ಕೇಳಿರುತ್ತಾರೆ. ನನ್ನದೇ. ಆದರೆ ನನ್ನ ಮಾತಿನ ಮೊನೆ ಅದರಲ್ಲಿ ಇರಲಿಲ್ಲ.

ಮಂಜರಿ ಫೋನ್ ಹಿಡಿದೇ ಬಾಗಿಲಿಗೆ ಬಂದಳು. ಮೈ ತುಂಬಿಕೊಂಡಿದ್ದಾಳೆ. ಮುಖ ಶಾಂತವಾಗಿದೆ. ನನ್ನನ್ನು ನೋಡಿ ಸಿಟ್ಟು ಬರಲಿಲ್ಲ ಅವಳಿಗೆ. ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು.

ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಅಂದುಬಿಟ್ಟೆ. "ಮಂಜೂ, ತಪ್ಪು ನಂದು. ಹಂಗ ಅನ್ನಬಾರದಿತ್ತು ನಾ. ನೌಕರಿನೂ ಬಿಟ್ಟೆ."

"ಗೊತ್ತದ ಅಕ್ಕಾ. ದಿನಾ ಹೇಳ್ತಿಯಲ್ಲಾ."

"ಅದು ನಾನಲ್ಲ!"

"ಅದೂ ಗೊತ್ತದ." ನಿಧಾನವಾಗಿ ಅಂದಳು, ಹಟಮಾರಿ ಮಗುವಿಗೆ ಹೇಳಿದ ಹಾಗೆ. "ಅಕಿ ನನ್ನ ಮಾತು ಪೂರಾ ಕೇಳ್ತಾಳ. ನಡುವ ಬಾಯಿ ಹಾಕಂಗಿಲ್ಲ. ನೀ ಮೊದಲ ಅನ್ನು ಅನ್ನಂಗಿಲ್ಲ. ಒಂದ್ ನಿಮಿಷ ನಿಂದ್ರು, ಕಾಲ್ ಅದ."

ಒಳಗೆ ಹೋದಳು. ಕೇದಾರ ಕುರ್ಚಿ ತಂದ, ನಾನು ಕೂರಲಿಲ್ಲ. ಅವನೂ ತಲೆ ತಗ್ಗಿಸಿ ಒಳಗೆ ಹೋದ.

ಇಲ್ಲಿಂದ ಎಲ್ಲ ಕೇಳಿಸುತ್ತದೆ. ಮಂಜರಿ ಕೇಳುತ್ತಿದ್ದಾಳೆ, "ಅಕ್ಕಾ, ಅಕಿ ಬಂದಾಳ. ಬಾಗಲದಾಗ ಕೂತಾಳ. ಒಳಗ ಕರೀಲ್ಯಾ?"

ಎದ್ದು ಒಳಗೆ ನುಗ್ಗಬೇಕು. ಬದಲಿಗೆ ಬರೆಯುತ್ತ ಕೂತಿದ್ದೇನೆ. ನಾನೂ ಉತ್ತರಕ್ಕೇ ಕಾಯುತ್ತಿದ್ದೇನೆ.

ಈಗ ನನ್ನ ದನಿ. ಎಷ್ಟು ಪ್ರೀತಿಯಿಂದ... "ಮಂಜೂ, ಬಾಗಲಾ ಹಾಕ್ಕೋ."